ಎಡಸುತ್ತಿನ ಗಿಡಗಳು

ಆ ಬೆಳಿಗ್ಗೆ ಗಾಳಿ ಪೂರ್ತಿ ಸತ್ತುಹೋಗಿತ್ತು. ಮೋಡ ತಗ್ಗಿ ಬಂದು ನರ್ಸರಿಯ ನೆರಳುಬಲೆಯ ಮೇಲೆ ಕೂತ ಹಾಗಿತ್ತು. ಮಳೆ ಇಲ್ಲ, ಬಿಸಿಲೂ ಇಲ್ಲ. ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಕಸಿ ಕಟ್ಟುವವರಿಗೆ ಇಂಥ ದಿನ ವರ್ಷಕ್ಕೆ ಹತ್ತೋ ಹನ್ನೆರಡೋ ಸಿಕ್ಕರೆ ಹೆಚ್ಚು. ಕೊಯ್ದ ಜಾಗ ಬೇಗ ಒಣಗುವುದಿಲ್ಲ. ಕಡ್ಡಿಯ ಹಸಿ ಗಿಡದ ಹಸಿಯನ್ನು ಕೂಡುವ ತನಕ ದೇವರು ಉಸಿರು ಬಿಗಿಹಿಡಿದು ನಿಂತಿರುತ್ತಾನೆ ಎಂದು ಹಳಬರು ಹೇಳುತ್ತಿದ್ದರು.

ಹಳಬರು ಈಗ ಯಾರೂ ಇರಲಿಲ್ಲ. ಎಡಚಿ ಒಬ್ಬಳೇ ಇದ್ದಳು.

ಚಾಕು ಎಡಗೈಯಲ್ಲಿ ಹಿಡಿಯುತ್ತಾಳೆ, ಅದಕ್ಕೆ ಎಡಚಿ. ಇಪ್ಪತ್ತಾರು ವರ್ಷದಿಂದ ಆ ನರ್ಸರಿಯಲ್ಲಿ ಅವಳಿಗೆ ಅದೇ ಹೆಸರು. ಕಾಡುಗಿಡದ ಬೇರಿಗೆ ಒಳ್ಳೆಯ ಮರದ ಕಡ್ಡಿ ಕೂಡಿಸಿ ಹಣ್ಣಿನ ಗಿಡ ಮಾಡುವುದು ಅವಳ ಕೆಲಸ. ಬೇರುಗಿಡದ ತಲೆ ಕತ್ತರಿಸಬೇಕು. ನಡುವೆ ಸೀಳಬೇಕು. ಕಡ್ಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ ಕೆತ್ತಿ ಆ ಸೀಳಿಗೆ ಇಳಿಸಬೇಕು. ತೊಗಟೆಗೆ ತೊಗಟೆ ಮುಟ್ಟಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಕೂಡುವುದಿಲ್ಲ. ಆಮೇಲೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯಬೇಕು. ಮುಂದಿನ ಗಿಡ. ಅದರ ಮುಂದಿನ ಗಿಡ. ಹೊತ್ತು ಮುಳುಗುವುದರೊಳಗೆ ನಾನೂರು ಗಿಡ. ಗೇಣೆತ್ತರದ ಮಣೆಯ ಮೇಲೆ ಕೂತು ಕೂತು ಅವಳ ಸೊಂಟ ಒಂದು ಕಡೆಗೆ ವಾಲಿತ್ತು. ಎಡ ಹೆಬ್ಬೆರಳಿನ ಮೇಲೆ ಚಾಕುವಿನ ಬೆನ್ನು ಒತ್ತಿ ಒತ್ತಿ ಕಾಲಿನ ಹಿಮ್ಮಡಿಯಂಥ ಗಟ್ಟಿ ಚರ್ಮ ಬಂದಿತ್ತು. ಗಿಡದ ಹಾಲು ಹತ್ತಿ ಕಪ್ಪಾದ ಉಗುರು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ.

ಮೊದಲ ಗಿಡ ಕೈಗೆತ್ತಿಕೊಂಡಾಗ ಅವಳು ದಿನಾ ಒಂದೇ ಮಾತು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಕಟ್ಟೋಳು ನಾನು, ಕೂಡಿಸೋನು ನೀನು. ಅಷ್ಟೇ ಅವಳ ಪೂಜೆ. ಅವಳು ಅದನ್ನು ತಪ್ಪಿಸಿದ್ದಿಲ್ಲ. ಅವನೂ ಹೆಚ್ಚು ತಪ್ಪಿಸಿದ್ದಿಲ್ಲ. ನೂರಕ್ಕೆ ತೊಂಬತ್ತು ಗಿಡ ಚಿಗುರುತ್ತಿದ್ದವು.

ಒಂದು ಕಾಲದಲ್ಲಿ ಆ ಶೆಡ್ಡಿನಲ್ಲಿ ಹನ್ನೆರಡು ಮಣೆ ಇದ್ದವು. ಕೊಯ್ಯುವವಳು ಒಬ್ಬಳು, ಕಟ್ಟುವವಳು ಒಬ್ಬಳು, ಹೀಗೆ ಆರು ಜೋಡಿ. ಕೊಯ್ದವಳು ಕಡ್ಡಿ ಇಳಿಸಿ "ತಗೋ" ಅನ್ನಬೇಕು. ಕಟ್ಟುವವಳು ಹಿಡಿದುಕೊಂಡು "ಬಂತು" ಅನ್ನಬೇಕು. ಹಿಡಿಯುವ ಮೊದಲು ಬಿಟ್ಟರೆ ಕಡ್ಡಿ ಜರುಗುತ್ತದೆ, ಅದಕ್ಕೆ ಈ ಮಾತು. ದಿನವಿಡೀ ಆರು ಕಡೆಯಿಂದ ತಗೋ, ಬಂತು, ತಗೋ, ಬಂತು. ನಡುನಡುವೆ ಯಾರದೋ ಅತ್ತೆಯ ಸುದ್ದಿ, ಯಾರದೋ ಗಂಡನ ಗೊರಕೆಯ ಸುದ್ದಿ. ಎಡಚಿಗೆ ಜೋಡಿಯಾಗಿದ್ದವಳು ಅವಳ ನಾದಿನಿ. ಹದಿನಾಲ್ಕು ವರ್ಷ ಎದುರುಬದುರು ಕೂತವರು.

ಕೂಲಿ ಏರಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಪಟ್ಟಣದಲ್ಲಿ ಡಬ್ಬಿಗೆ ಬಿಸ್ಕತ್ತು ತುಂಬುವ ಕಾರ್ಖಾನೆ ಬಂದಿತ್ತು. ಹೋದ ವರ್ಷ ನಾದಿನಿಯೂ ಹೋದಳು. ಭಾನುವಾರ ಫೋನು ಮಾಡುತ್ತಾಳೆ.

"ಹತ್ತು ಗಂಟೆ ನಿಂತೇ ಇರ್ಬೇಕು ಅತ್ತಿಗೆ. ಕಾಲು ಕಂಬ ಆಗೋಗಿದೆ. ಆದ್ರೆ ಕಾರ್ಡಲ್ಲಿ ನನ್ನನ್ನ ಏನಂತ ಬರ್ದಿದಾರೆ ಗೊತ್ತಾ? ಆಪರೇಟರ್."

"ಏನು ಆಪರೇಟ್ ಮಾಡ್ತೀಯೆ?"

"ಮುಚ್ಚಳ ಒತ್ತೋದು."

ಇಬ್ಬರೂ ನಗುತ್ತಾರೆ. ಫೋನು ಇಟ್ಟ ಮೇಲೆ ಎಡಚಿಯ ಒಂದೇ ಕೋಣೆಯ ಮನೆ ಬಾವಿಯಷ್ಟು ಆಳವಾಗುತ್ತದೆ. ಗಂಡ ಸತ್ತು ಒಂಬತ್ತು ವರ್ಷ. ಮಕ್ಕಳಾಗಲಿಲ್ಲ. ಈಗ ಕೊಯ್ಯುವುದೂ ಅವಳೇ, ಕಟ್ಟುವುದೂ ಅವಳೇ. ಆದರೂ ಕಡ್ಡಿ ಇಳಿಸಿದ ಕೂಡಲೇ ಬಾಯಿ ತಾನಾಗಿ "ತಗೋ" ಅನ್ನುತ್ತದೆ. ಅಂದ ಮೇಲೆ ನಾಚಿಕೆಯಾಗಿ ಸುತ್ತ ನೋಡುತ್ತಾಳೆ. ಕೇಳಿಸಿಕೊಳ್ಳಲು ಯಾರಿರುತ್ತಾರೆ?

ಶೆಡ್ಡಿನ ಕಂಬದ ಮೇಲೆ ಒಂದು ಕಾಗದ ಅಂಟಿಸಿದ್ದರು. 'ನುರಿತ ಕಸಿಗಾರರು ಬೇಕಾಗಿದ್ದಾರೆ.' ಕೆಳಗೆ ಕೂಲಿ. ಅವಳ ಕೂಲಿಯ ಎರಡರಷ್ಟು. ಅಂಟಿಸಿದ ದಿನವೇ ಅವಳು ಅದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ್ದಳು. ಓದಿ ಮೇಸ್ತ್ರಿಯನ್ನು ಕೇಳಿದ್ದಳು.

"ಇದು ಯಾರಿಗೆ ಮೇಸ್ತ್ರಿ?"

"ಕಸಿ ಬರೋರಿಗೆ."

"ನನಗೆ ಬರಲ್ವಾ?"

"ಬರುತ್ತೆ. ಯಾರು ಇಲ್ಲ ಅಂದ್ರು? ಆದ್ರೆ ಪುಸ್ತಕದಲ್ಲಿ ನೀನು ಕೈಯಾಳು. ಸರ್ಟಿಫಿಕೇಟು ಇರೋರನ್ನ ಮಾತ್ರ ಕಸಿಗಾರ ಅಂತ ಬರೆಯೋದು. ಯಜಮಾನ್ರ ರೂಲು."

ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಮೊದಲ ದಿನ ಬರೆದ ಪದ ಅದು. ಬಂದ ಹೊಸದರಲ್ಲಿ ಮಣ್ಣು ಹೊರುತ್ತಿದ್ದಳು, ನಿಜ. ಎರಡನೇ ವರ್ಷ ಚಾಕು ಹಿಡಿದಳು. ಪದ ಮಾತ್ರ ಅಲ್ಲೇ ಕೂತಿತು. ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ಸರ್ಟಿಫಿಕೇಟು ಕೊಡುವ ತರಬೇತಿಯವರು ತಮ್ಮ ಕಡೆಯವರನ್ನು ಕಸಿ ಕಲಿಯಲು ಕಳಿಸುತ್ತಿದ್ದುದು ಇದೇ ಶೆಡ್ಡಿಗೆ. ಕಲಿಸುತ್ತಿದ್ದವಳು ಎಡಚಿ. ಎದುರಿಗೆ ಕೂತು ಕಲಿಯುವವರಿಗೆ ಎಡಗೈಯವಳು ಕನ್ನಡಿ ಇದ್ದ ಹಾಗೆ. ಅವಳ ಎಡ ಅವರ ಬಲ. ಬೇಗ ಹತ್ತುತ್ತದೆ. ಹತ್ತು ದಿನ ಕಲಿತು ಅವರು ಕಾಗದ ತೆಗೆದುಕೊಂಡು ಹೋಗುತ್ತಿದ್ದರು. ಕಾಗದ ಕೊಡುವ ದಿನ ಫೋಟೋ ತೆಗೆಯುವವರು ಬರುತ್ತಿದ್ದರು. ಆಗ ಮೇಸ್ತ್ರಿ ಅವಳಿಗೆ, "ಎಡಚಿ, ಸ್ವಲ್ಪ ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಂತಿರು" ಅನ್ನುತ್ತಿದ್ದ.

ಹೋಗಿ ನಿಂತಿರುತ್ತಿದ್ದಳು. ಹನ್ನೊಂದು ಸಲವೋ ಹನ್ನೆರಡು ಸಲವೋ.

ಎರಡು ತಿಂಗಳ ಹಿಂದೆ ಕಂಬದ ಕಾಗದ ನೋಡಿ ಒಬ್ಬ ಬಂದ. ಐವತ್ತರ ಆಸುಪಾಸು. ಮೊದಲು ದರ್ಜಿ. ಅಂಗಡಿಯಲ್ಲಿ ಹೊಲಿದ ಬಟ್ಟೆಯೇ ಅಗ್ಗಕ್ಕೆ ಸಿಗುವಾಗ ಹೊಲಿಸುವವರು ಯಾರು? ಮಿಷನ್ನು ಮೂಲೆಗಿಟ್ಟು ಇನ್ನೆಲ್ಲೋ ಹತ್ತು ದಿನ ಕೂತು ಕಾಗದ ತಂದಿದ್ದ. ಲೋಡು ತುಂಬುವವರು ಅವನಿಗೆ ಸರ್ಟಿಫಿಕೇಟಣ್ಣ ಎಂದು ಹೆಸರಿಟ್ಟರು. ಮನುಷ್ಯ ಒಳ್ಳೆಯವನು. ಆದರೆ ಕೈಗೆ ಗಿಡ ಗೊತ್ತಿರಲಿಲ್ಲ. ದಿನಕ್ಕೆ ನಲವತ್ತು ಕಟ್ಟಿದರೆ ಹೆಚ್ಚುಕಡಿಮೆ ನಲವತ್ತೂ ಸಾಯುತ್ತಿದ್ದವು.

ಮೇಸ್ತ್ರಿ ಉಪಾಯ ಮಾಡಿದ. ಎಡಚಿ ಕಟ್ಟಿದ ಸಾಲುಗಳ ತುದಿಯ ಹಲಗೆಗೆ ಸರ್ಟಿಫಿಕೇಟಣ್ಣನ ಹೆಸರು ಬರೆದ. ಕೊಳ್ಳುವವರಿಗೆ ಸರ್ಟಿಫಿಕೇಟಿನ ಗಿಡವೇ ಬೇಕಂತೆ. ಇನ್ನೊಂದು ಪದ್ಧತಿಯೂ ಇತ್ತು. ಕಸಿಗಾರ ಎಂದು ಬರೆಸಿಕೊಂಡವರಿಗೆ ದಿನಗೂಲಿಯ ಮೇಲೆ, ಚಿಗುರಿದ ಒಂದೊಂದು ಗಿಡಕ್ಕೂ ಇಷ್ಟು ಎಂದು ಚಿಗುರುಕಾಸು ಕೊಡುತ್ತಿದ್ದರು. ಅದೂ ಹಲಗೆಯ ಮೇಲಿನ ಹೆಸರಿಗೇ ಹೋಯಿತು. ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು. ಸರ್ಟಿಫಿಕೇಟಣ್ಣ ಆ ಕವರು ತೆಗೆದುಕೊಳ್ಳುವಾಗ ಎಡಚಿಯ ಕಡೆ ನೋಡಲಿಲ್ಲ. ನೋಡದೇ ಇದ್ದದ್ದನ್ನು ಅವಳು ನೋಡಿದಳು.

ಗಾಳಿ ಸತ್ತ ಆ ಬೆಳಿಗ್ಗೆ ಅವಳು ಮಣೆಯ ಹತ್ತಿರ ಬರುವ ಹೊತ್ತಿಗೆ ಯಜಮಾನರೇ ಶೆಡ್ಡಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ಮೇಸ್ತ್ರಿ. ಅವನ ಹಿಂದೆ ಸರ್ಟಿಫಿಕೇಟಣ್ಣ. ಮುಂದೆ ಮುನ್ನೂರು ಗಿಡ. ಎಲ್ಲವೂ ಒಣಗಿದ್ದವು. ಎಡಚಿ ಒಂದನ್ನು ಎತ್ತಿ ನೋಡಿದಳು. ಕಡ್ಡಿಯ ಚಿಗುರೊಡೆಯುವ ಕಣ್ಣುಗಳು ನೆಲ ನೋಡುತ್ತಿದ್ದವು. ತಲೆಕೆಳಗು. ಬುಡ ಕೆತ್ತುವ ಬದಲು ತುದಿ ಕೆತ್ತಿ ಇಳಿಸಿದ್ದರು. ಎಲೆ ಕಿತ್ತ ಕಡ್ಡಿಯಲ್ಲಿ ಬುಡ ಯಾವುದು ತುದಿ ಯಾವುದು ಎಂದು ಬೆರಳಿಗೆ ಗೊತ್ತಾಗಬೇಕು. ಹೊಸ ಕೈಗೆ ಗೊತ್ತಾಗುವುದಿಲ್ಲ.

"ಏನಿದು?" ಯಜಮಾನರು ಕೇಳಿದರು.

"ಕಡ್ಡಿ ಉಲ್ಟಾ ಆಗಿದೆ."

"ಅದು ನಮಗೂ ಕಾಣುತ್ತೆ," ಮೇಸ್ತ್ರಿ ಅಂದ. "ಮಾಡಿದ್ದು ಯಾರು ಅಂತ ಕೇಳ್ತಿರೋದು. ಚಿಗುರುಕಾಸು ಅಣ್ಣನಿಗೆ ಹೋಯ್ತು ಅಂತ ಹೊಟ್ಟೆಕಿಚ್ಚು. ಅವರ ಹೆಸರು ಕೆಡ್ಲಿ ಅಂತ ನೀನೇ ಉಲ್ಟಾ ಕಟ್ಟಿಟ್ಟಿದೀಯ."

ಸರ್ಟಿಫಿಕೇಟಣ್ಣ ಬಾಯಿ ತೆರೆದ. "ನೀವು ಸುಮ್ನಿರಿ ಅಣ್ಣ" ಎಂದ ಮೇಸ್ತ್ರಿ. ಅವನು ಸುಮ್ಮನಾದ.

ಎಡಚಿಗೆ ಮೊದಲು ಏನೂ ಅನಿಸಲಿಲ್ಲ. ಆಮೇಲೆ ಕಿವಿಯ ಹಿಂದೆ ಬಿಸಿಯಾಯಿತು. ಕಟ್ಟಿದ್ದು ನೀನೇ ಎನ್ನುವುದು ಇಪ್ಪತ್ತಾರು ವರ್ಷ ಕಾದ ಮಾತು. ಇವರ ಬಾಯಿಂದ ಒಂದು ಸಲ ಬರಲಿ ಎಂದು ಕಾದಿದ್ದಳು. ಕೊನೆಗೂ ಬಂದಿತ್ತು, ಸತ್ತ ಗಿಡದ ಮುಂದೆ.

"ಇನ್ನೊಂದ್ಸಲ ಹೇಳಿ ಮೇಸ್ತ್ರಿ. ಯಾರು ಕಟ್ಟಿದ್ದು ಅಂದ್ರಿ?"

"ನೀನು."

"ಕೈಯಾಳು ಕಸಿ ಕಟ್ತಾಳಾ?"

ಮೇಸ್ತ್ರಿ ಯಜಮಾನರ ಮುಖ ನೋಡಿದ.

"ಚಿಗುರಿದಾಗ ನಾನು ಕೈಯಾಳು. ಒಣಗಿದ ದಿನ ಕಸಿಗಾರ್ತಿ ಆದ್ನಾ?"

"ಮಾತು ಬೇಡ," ಯಜಮಾನರು ಅಂದರು. "ನೀನು ಮಾಡಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?"

ಎಡಚಿ ಒಣಗಿದ ಗಿಡವನ್ನು ಅವರ ಕೈಗೆ ಕೊಟ್ಟಳು. ಪಕ್ಕದ ಸಾಲಿನಿಂದ ಚಿಗುರಿದ ಒಂದನ್ನು ಎತ್ತಿ ತಂದಳು. ಅದರ ಪಕ್ಕಕ್ಕೆ ಹಿಡಿದಳು.

"ಪಟ್ಟಿ ನೋಡಿ. ನಿಮ್ಮ ಕೈಲಿರೋದು ಬಲಕ್ಕೆ ಸುತ್ತಿ ಮೇಲೆ ಹೋಗಿದೆ. ಇದು ಎಡಕ್ಕೆ. ಎಡಗೈಯೋಳು ಬಲಕ್ಕೆ ಸುತ್ತಿದ್ರೆ ಬಿಗಿ ನಿಲ್ಲಲ್ಲ. ಮುನ್ನೂರನ್ನೂ ನೋಡಿ. ಒಂದು ಎಡಸುತ್ತು ಸಿಕ್ಕಿದ್ರೆ ಆ ಚಾಕು ತಗೊಂಡು ನನ್ನ ಬೆರಳು ತೆಗೀರಿ."

ಯಜಮಾನರು ನೋಡಿದರು. ಎರಡು ನೋಡಿದರು, ಹತ್ತು ನೋಡಿದರು. ಆಮೇಲೆ, ಯಾಕೋ, ಚಿಗುರಿದ ಸಾಲುಗಳ ಕಡೆ ನಡೆದರು. ಬಗ್ಗಿ ಬಗ್ಗಿ ನೋಡುತ್ತಾ ಹೋದರು. ಹಲಗೆಯ ಮೇಲೆ ಸರ್ಟಿಫಿಕೇಟಣ್ಣನ ಹೆಸರು. ಕೆಳಗೆ ಎಡಸುತ್ತು, ಎಡಸುತ್ತು, ಎಡಸುತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ಅವರಿಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಆದರೆ ಗೊತ್ತಿರುವುದನ್ನು ಕಣ್ಣಿನಿಂದ ನೋಡಬೇಕಾದ ದಿನ ಬಂದಿತ್ತು.

ತಿರುಗಿ ಬಂದು, "ಆಯ್ತು ಬಿಡು. ಆಗಿದ್ದು ಆಯ್ತು. ಇವತ್ತು ವಾತಾವರಣ ಚೆನ್ನಾಗಿದೆ, ಕೂತ್ಕೋ" ಅಂದರು.

ಒದ್ದೆ ಗೋಣಿಗಳಲ್ಲಿ ಸಾವಿರದ ಇನ್ನೂರು ಕಡ್ಡಿ ಬಂದು ಬಿದ್ದಿದ್ದವು. ಒಂದು ದೊಡ್ಡ ತೋಟದ ಆರ್ಡರು. ಮೂರು ದಿನದೊಳಗೆ ಕಟ್ಟದಿದ್ದರೆ ಕಡ್ಡಿ ಉಳಿಯುವುದಿಲ್ಲ. ಸುತ್ತಮುತ್ತಲ ಊರುಗಳಲ್ಲಿ ಕಟ್ಟುವ ಇನ್ನೊಂದು ಕೈ ಇರಲಿಲ್ಲ.

ಎಡಚಿ ಕೂರಲಿಲ್ಲ.

"ಪುಸ್ತಕ ತರಿಸಿ ಯಜಮಾನ್ರೇ. ಕೈಯಾಳು ಅನ್ನೋದನ್ನ ಹೊಡೆದು ಕಸಿಗಾರ್ತಿ ಅಂತ ಬರೀರಿ. ಕಂಬದ ಮೇಲಿರೋ ಕೂಲಿ ಕೊಡಿ. ಈಗಲೇ ಕೂತ್ಕೋತೀನಿ."

"ಈಗ ಯಾಕಮ್ಮ ಅದೆಲ್ಲ? ನೀನೇನು ಹೊರಗಿನೋಳಾ? ಮನೆಮಗಳಿದ್ದ ಹಾಗೆ."

"ಮನೆಮಗಳಿಗೆ ಪಾಲು ಇರುತ್ತೆ."

ಲೋಡಿನವನೊಬ್ಬ ಕೆಮ್ಮಿದ. ನಗು ನುಂಗಿದ ಕೆಮ್ಮು.

"ನಿನ್ನ ಕೈಯಲ್ಲಿ ದೇವರಿದಾನೆ ಕಣಮ್ಮ. ಹಿಂಗೆಲ್ಲ ಹಟ ಮಾಡಬಾರದು."

"ಇದಾನೆ. ಅವನಿಗೂ ಕೈಯಾಳಿನ ಕೂಲಿನೇ ಕೊಟ್ಟಿದೀರಿ."

ಯಜಮಾನರ ಮುಖದ ಮೆದುತನ ಹೋಯಿತು. "ನಿನಗೊಬ್ಬಳಿಗೆ ಬರೆದ್ರೆ ನಾಳೆ ನೀರು ಹಾಯಿಸೋನು ಕೇಳ್ತಾನೆ. ನಾಡಿದ್ದು ಮಣ್ಣು ಕಲೆಸೋನು ಕೇಳ್ತಾನೆ."

"ಕೇಳ್ಲಿ."

"ಸರ್ಟಿಫಿಕೇಟು ಇಲ್ದೆ ಬರೆಯೋಕಾಗಲ್ಲ. ಮುಗೀತು."

"ಸರಿ," ಎಂದಳು ಎಡಚಿ. ದನಿ ಏರಿಸಲಿಲ್ಲ. "ಮೇಸ್ತ್ರಿ, ಕೈಯಾಳಿನ ಕೆಲಸ ಏನೇನು, ಹೇಳಿ."

"ಗೊತ್ತಿಲ್ವಾ? ಗುಡಿಸೋದು, ಮಣ್ಣು ತುಂಬೋದು, ನೀರು ಹೊರೋದು, ಗಿಡ ಸಾಗಿಸೋದು."

"ಚಾಕು?"

ಮೇಸ್ತ್ರಿ ಬಗ್ಗಿ ಒಣಗಿದ ಗಿಡಗಳನ್ನು ಬದಿಗೆ ಸರಿಸತೊಡಗಿದ.

ಅವಳ ಚಾಕು ಅವಳದೇ. ಅಂಗಡಿಯಲ್ಲಿ ಸಿಗುವ ಚಾಕುವಿನ ಅಲಗು ಬಲಗೈಯವರಿಗೆ ಒಂದೇ ಕಡೆ ಮಸೆದಿರುತ್ತದೆ. ಇದನ್ನು ಅವಳು ಕಲ್ಲಿಗೆ ತಿಕ್ಕಿ ತಿಕ್ಕಿ ಆಚೆ ಕಡೆಗೆ ತಿರುಗಿಸಿಕೊಂಡಿದ್ದಳು. ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡಳು. ಯಜಮಾನರ ಕಾಲ ಬುಡದಿಂದಲೇ ಗುಡಿಸಲು ಶುರು ಮಾಡಿದಳು. ಅವರು ಹಿಂದೆ ಸರಿಯಬೇಕಾಯಿತು.

ಮೊದಲ ದಿನ ಅವಳು ಮಣ್ಣಿನ ಬುಟ್ಟಿ ಹೊತ್ತಳು. ಎಷ್ಟು ಎಂದು ಎಣಿಸಲಿಲ್ಲ. ಕತ್ತು ಒಳಗಿಳಿಯುವಷ್ಟು. ಕಳ್ಳಾಟ ಮಾಡಲಿಲ್ಲ, ನೆಪ ಹೇಳಲಿಲ್ಲ. ಇಬ್ಬರು ಕೈಯಾಳುಗಳ ಕೆಲಸ ಒಬ್ಬಳೇ ಮಾಡಿದಳು. ಬೈಯಲು ಅವರಿಗೆ ಒಂದು ಎಳೆ ಕಾರಣ ಸಿಗಬಾರದು. ಯಜಮಾನರು ನೆರಳಿನಲ್ಲಿ ನಿಂತು ಊರೂರಿಗೆ ಫೋನು ಮಾಡುತ್ತಿದ್ದರು. "ಕಸಿ ಗೊತ್ತಿರೋರು ಯಾರಾದ್ರೂ? ಒಬ್ಬರಾದ್ರೂ ಪರವಾಗಿಲ್ಲ. ಜನಾನೇ ಇಲ್ಲ ರೀ ಈಗ, ಕೆಲಸ ಗೊತ್ತಿರೋ ಜನಾನೇ ಇಲ್ಲ." ಅವರ ಬೆನ್ನ ಹಿಂದೆಯೇ ಅವಳು ಬುಟ್ಟಿ ಹೊತ್ತು ಹಾದುಹೋದಳು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ.

ಎರಡನೇ ದಿನವೂ ಗಾಳಿ ಬೀಸಲಿಲ್ಲ. ದೇವರು ಇನ್ನೂ ಉಸಿರು ಹಿಡಿದಿದ್ದ. ಅದೇ ಅವಳಿಗೆ ಕಷ್ಟವಾಯಿತು. ಒಳ್ಳೆಯ ದಿನ ಹಾಳಾಗುತ್ತಿದೆ ಎಂದು ಬೆರಳು ಮಿಡುಕುತ್ತಿದ್ದವು. ನೀರು ಚಿಮುಕಿಸುವುದು ಕೈಯಾಳಿನ ಕೆಲಸ. ಹಾಗಾಗಿ ಗಂಟೆಗೊಮ್ಮೆ ಹೋಗಿ ಗೋಣಿಯ ಮೇಲೆ ನೀರು ಚಿಮುಕಿಸಿದಳು. ಚಿಮುಕಿಸುವಾಗ ಮುಖ ತಿರುಗಿಸಿಕೊಂಡಳು. ಹಸಿದ ಕೂಸನ್ನು ಎತ್ತಿಕೊಳ್ಳದೆ ನೀರು ಕುಡಿಸಿ ಮಲಗಿಸಿದ ಹಾಗಿತ್ತು ಅದು. ಲೋಡಿನವರು ಅವಳ ಜೊತೆ ಮಾತು ಬಿಟ್ಟರು. ಭಯ, ಪಾಪ. ಯಜಮಾನರ ಕಣ್ಣಿಗೆ ಬಿದ್ದರೆ ತಮಗೂ ಅಂಟುತ್ತದೆ ಎಂಬ ಭಯ. ಮಧ್ಯಾಹ್ನ ಟ್ಯಾಂಕಿನ ಹಿಂದೆ ಒಬ್ಬಳೇ ಕೂತು ಉಂಡಳು. ಕೂತ ಮೇಲೆ ನೆನಪಾಯಿತು, ಫೋಟೋ ದಿನ ನಿಲ್ಲುತ್ತಿದ್ದ ಜಾಗ ಇದೇ. ಎದ್ದು ಎಲ್ಲರಿಗೂ ಕಾಣುವ ಹಾಗೆ ಅಂಗಳದ ನಡುವೆ ಹೋಗಿ ಕೂತು ಉಳಿದದ್ದನ್ನು ಉಂಡಳು.

ನಾದಿನಿ ಫೋನು ಮಾಡಿದಳು. ಯಾರೋ ಸುದ್ದಿ ಮುಟ್ಟಿಸಿದ್ದರು.

"ಬಂದ್ಬಿಡು ಅತ್ತಿಗೆ. ಇಲ್ಲಿ ಮುಚ್ಚಳ ಒತ್ತೋಕೆ ಎಡಗೈ ಬಲಗೈ ಯಾರೂ ಕೇಳಲ್ಲ."

"ನನಗೆ ಬರೋದು ಇದೊಂದೇ ಕಣೇ."

"ಅದಕ್ಕೇ ಅವರಿಗೆ ಕೊಬ್ಬು."

"ಹೂಂ. ಅದಕ್ಕೇ."

ಇಬ್ಬರೂ ನಗಲಿಲ್ಲ.

ಮೂರನೇ ದಿನ ಗಾಳಿ ಎದ್ದಿತು. ಗೋಣಿಯೊಳಗೆ ಕಡ್ಡಿಗಳ ತೊಗಟೆ ಸುಕ್ಕುಗಟ್ಟಿತು. ಮಧ್ಯಾಹ್ನ ಯಜಮಾನರು ಸರ್ಟಿಫಿಕೇಟಣ್ಣನನ್ನು ಮಣೆಯ ಮೇಲೆ ಕೂರಿಸಿದರು. ಅವನು ಕಡ್ಡಿ ಕೈಗೆತ್ತಿಕೊಂಡ. ತಿರುಗಿಸಿ ನೋಡಿದ. ಮತ್ತೆ ತಿರುಗಿಸಿದ. ಎಡಚಿ ಹತ್ತು ಮಾರು ದೂರದಲ್ಲಿ ಮಣ್ಣು ತುಂಬುತ್ತಿದ್ದಳು. ಅವನು ಅವಳ ಕಡೆ ನೋಡಿದ. ಈ ಸಲ ನೋಡಿದ. ಕಡ್ಡಿಯನ್ನು ಗೋಣಿಗೆ ವಾಪಸ್ಸು ಹಾಕಿ ಎದ್ದು ನಿಂತ.

"ನನಗೆ ಬರಲ್ಲ ಯಜಮಾನ್ರೇ."

"ಏನು ಬರಲ್ಲ? ಸರ್ಟಿಫಿಕೇಟು ಇದೆಯಲ್ಲ."

"ಕಾಗದ ಇದೆ. ಕೈ ಇಲ್ಲ."

ಸಂಜೆಗೆ ಮುಂಚೆ ಗೋಣಿಗಳನ್ನು ಗುಂಡಿಗೆ ಎಸೆಯಲು ಹೇಳಿದರು. ಎಸೆಯುವುದೂ ಕೈಯಾಳಿನ ಕೆಲಸವೇ. ಎಡಚಿ ಒಂದೊಂದನ್ನೇ ಹೊತ್ತು ಒಯ್ದಳು. ಸುರಿಯುವಾಗ ಕಡ್ಡಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಯಿತು. ಸಾವಿರದ ಇನ್ನೂರು ಮರ. ಸಾವಿರದ ಇನ್ನೂರು ಮರದ ನೆರಳು, ಅವುಗಳ ಮೇಲೆ ಕೂರಬೇಕಾಗಿದ್ದ ಹಕ್ಕಿ. ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದಳು. ಅಳು ಬರಲಿಲ್ಲ. ಕೂಡಿಸುವವನ ಜೊತೆ ಮೆಲ್ಲಗೆ ಮಾತಾಡಿದಳು.

"ಪಾಪ ಅಂತಾದ್ರೆ ನನ್ನ ಹೆಸರಿಗೇ ಬರ್ಕೋ. ಆದ್ರೆ ನೀನಾದ್ರೂ ಕೈಯಾಳು ಅಂತ ಬರೀಬೇಡ. ಕಸಿಗಾರ್ತಿ ಅಂತ ಬರಿ."

ಹೊರಡುವಾಗ ಮೇಸ್ತ್ರಿ ಗೇಟಿನ ಹತ್ತಿರ ನಿಂತಿದ್ದ. ಮುಖ ಕೊಡದೆ ಹೇಳಿದ. "ನಾಳೆಯಿಂದ ಕೈಯಾಳು ಬೇಡವಂತೆ."

"ಒಳ್ಳೇದಾಯ್ತು. ನನಗೂ ಅವಳು ಸಾಕಾಗಿದ್ಲು."

ನಾಲ್ಕು ದಿನ ಅವಳ ಬಾಗಿಲಿಗೆ ಯಾರೂ ಬರಲಿಲ್ಲ. ಬೆಳಿಗ್ಗೆ ಏಳುತ್ತಿದ್ದಳು, ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ನೆನಪಾಗುತ್ತಿತ್ತು. ಒಲೆ ಹಚ್ಚುತ್ತಿದ್ದಳು. ಒಬ್ಬಳಿಗೆ ಎಷ್ಟು ಬೇಯಿಸುವುದು? ಇಪ್ಪತ್ತಾರು ವರ್ಷ ಬಾಗಿದ ಬೆನ್ನು ಗೋಡೆಗೆ ಒರಗಲು ಒಪ್ಪುತ್ತಿರಲಿಲ್ಲ. ಒಮ್ಮೆ ತನಗೆ ತಾನೇ ಜೋರಾಗಿ ಮಾತಾಡಿ ನೋಡಿದಳು. ದನಿ ಇದೆಯೋ ಇಲ್ಲವೋ ಎಂದು.

ಐದನೇ ದಿನ ಮಧ್ಯಾಹ್ನ ಸರ್ಟಿಫಿಕೇಟಣ್ಣ ಬಂದ. ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲಾಚೆಯೇ ನಿಂತ.

"ಬನ್ನಿ ಅಣ್ಣ, ಕೂತ್ಕೊಳ್ಳಿ."

"ಇಲ್ಲಕ್ಕ, ಬಸ್ಸಿದೆ. ನಾನೂ ಬಿಟ್ಟೆ. ಮಿಷನ್ನಿಗೆ ಎಣ್ಣೆ ಹಾಕಬೇಕು. ಹರಿದ ಬಟ್ಟೆ ಹೊಲಿಯೋದಂತೂ ಯಾರಿಗಾದ್ರೂ ಬೇಕೇ ಬೇಕಲ್ಲ." ಸ್ವಲ್ಪ ತಡೆದು ಹೇಳಿದ. "ಕಂಬದ ಮೇಲೆ ಹೊಸ ಕಾಗದ ಹಾಕಿದಾರೆ. ಕೂಲಿ ಇನ್ನೂ ಮೇಲೆ ಏರಿಸಿದಾರೆ."

"ಬಂದ್ರಾ ಯಾರಾದ್ರೂ?"

"ಯಾರು ಬರ್ತಾರೆ?"

ಅಂಗಿಯ ಜೇಬಿನಿಂದ ಒಂದು ಕವರು ತೆಗೆದ. ಒಡೆದಿರಲಿಲ್ಲ. ಅವಳ ಕಡೆ ಚಾಚಿದ.

"ಚಿಗುರುಕಾಸು. ನಿಮ್ಮದು ನನ್ನ ಹತ್ತಿರ ಇತ್ತು. ಆ ದಿನ ಮೇಸ್ತ್ರಿ ಸುಮ್ನಿರು ಅಂದಾಗ ನಾನು ಸುಮ್ಮನಿದ್ನಲ್ಲ, ಅದಕ್ಕೆ ಏನು ಕೊಡಬೇಕು ಅಂತ ನನಗೆ ಗೊತ್ತಿಲ್ಲ."

ಎಡಚಿ ಕವರು ತೆಗೆದುಕೊಂಡಳು. ಬೇಡ ಅನ್ನಲಿಲ್ಲ, ಉಪಕಾರವಾಯಿತು ಅನ್ನಲಿಲ್ಲ. ತನ್ನದನ್ನು ತೆಗೆದುಕೊಳ್ಳುವವರು ಹಾಗೆ ಅನ್ನುವುದಿಲ್ಲ. ಅಲ್ಲೇ ಕೂತು ಕವರು ಒಡೆದಳು.

"ಇದು ಪೂರ್ತಿ ನನ್ನದಲ್ಲ," ಅಂದಳು.

"ಪೂರ್ತಿ ನಿಮ್ಮದೇ ಅಕ್ಕ. ನನ್ನ ಒಂದು ಗಿಡಾನೂ ಬದುಕಿಲ್ಲ."

"ಬದುಕಿವೆ. ಮೂರನೇ ಸಾಲಿನ ಕೊನೇಲಿ. ಹನ್ನೊಂದು. ಬಲಸುತ್ತು. ಒಂದಕ್ಕೆ ಎರಡು ಚಿಗುರು ಬಂದಿತ್ತು."

ಅವನು ನಂಬಲಿಲ್ಲ. ಆಮೇಲೆ ನಂಬಿದ. ಮುಖವನ್ನು ಬೀದಿಯ ಕಡೆ ತಿರುಗಿಸಿ ನಿಂತ.

"ಹನ್ನೊಂದಕ್ಕೆ ಏನು ಬಿಡಿ ಅಕ್ಕ."

"ಕೈ ಕೆಲಸದ ಕಾಸು. ಬಿಡಬಾರದು."

ಹನ್ನೊಂದು ಗಿಡದ ಕಾಸನ್ನು ಅವಳು ಎಣಿಸಿ ಬೇರೆ ಮಾಡಿದಳು. ಎದ್ದು ಹೊಸ್ತಿಲ ತನಕ ಬಂದಳು. ಎಡಗೈಯಿಂದಲೇ ಅವನ ಅಂಗೈ ಮೇಲೆ ಇಟ್ಟಳು.